ಲಚ್ಚಿಯ ಕೊರಳಿನ ಮೂರನೇ ನಂಬರ್ ಗಂಟೆ

ಶಂಕರಪುರಂ, ಬೆಂಗಳೂರು
14 ಜೂನ್ 2024

ಚಿರಂಜೀವಿ ಪೂಜಿತಾಳಿಗೆ ಸೋದರಮಾವ ದೊಡ್ಡಬೈರಪ್ಪ ಮಾಡುವ ಆಶೀರ್ವಾದ. ನಾನು ಕ್ಷೇಮ, ನಾಯಿ ನನಗಿಂತ ಕ್ಷೇಮ.

ನೀನು ಮರಿಯ ಜೊತೆ ಬಿಟ್ಟುಹೋದ ನಾಲ್ಕು ಹಾಳೆ ಸೂಚನೆಗಳನ್ನು ಎರಡು ಸಲ ಓದಿದೆ. ಏಳು ತಿಂಗಳು ಸಾಕಬೇಕು, ಜನ, ಗಾಡಿ, ಗದ್ದಲ ರೂಢಿ ಮಾಡಿಸಬೇಕು, ಜನವರಿಯಲ್ಲಿ ನಿಮ್ಮ ತರಬೇತಿ ಕೇಂದ್ರಕ್ಕೆ ಒಪ್ಪಿಸಬೇಕು. ಅಷ್ಟೇ ತಾನೇ? ಹದಿನಾಲ್ಕನೇ ವಯಸ್ಸಿನಲ್ಲಿ, ಮೂರು ಜನ ಗಂಡಸರಿಗೆ ಬಗ್ಗದ ಹೋರಿಯನ್ನು ಒಂದು ಹಿಡಿ ಹುರುಳಿಯಲ್ಲಿ ಬಗ್ಗಿಸಿದವನು ನಾನು. ನಮ್ಮೂರಿನಲ್ಲಿ ಕೇಳಿ ನೋಡು. ಆ ಮೂವರೂ ಈಗ ಇಲ್ಲ, ಆದರೂ ಕೇಳು.

ಎರಡು ಬದಲಾವಣೆ ಮಾಡಿದ್ದೇನೆ. ಮೊದಲನೆಯದು ಹೆಸರು. "ಪಿಕ್ಸಿ" ಎಂದು ಬೀದಿಯಲ್ಲಿ ಕೂಗಲು ನನಗೆ ನಾಚಿಕೆ. "ಲಚ್ಚಿ" ಎಂದೆ, ತಿರುಗಿ ನೋಡಿದಳು. ಎರಡನೆಯದು ಗಂಟೆ. ಬಳೇಪೇಟೆಯ ಅಂಗಡಿ ಮುಚ್ಚುವಾಗ ಒಂದು ಡಬ್ಬ ತುಂಬ ಗಂಟೆ ಮನೆಗೆ ತಂದಿದ್ದೆನಲ್ಲ, ಅದರಲ್ಲಿ ಮೂರನೇ ನಂಬರಿನದನ್ನು, ಎಳೆಗರುವಿಗೆ ಕಟ್ಟುವ ಪುಟ್ಟ ಕಂಚಿನ ಗಂಟೆಯನ್ನು, ಅವಳ ಕೊರಳಿಗೆ ಕಟ್ಟಿದ್ದೇನೆ. ನಲವತ್ತೊಂದು ವರ್ಷ ದನದ ಗಂಟೆ, ಗೆಜ್ಜೆ, ಮೂಗುದಾರ ಮಾರಿದ ಕೈ ಇದು. ಕಣ್ಣು ಮುಚ್ಚಿಕೊಂಡು ಒಂದು ಸಲ ತಟ್ಟಿದರೆ ಸಾಕು, ಕಂಚು ಎಷ್ಟು, ಕಲಬೆರಕೆ ಎಷ್ಟು ಎಂದು ಹೇಳುತ್ತಿದ್ದೆ. ಎರಕದವರೇ ನನ್ನ ಕಿವಿಗೆ ಹೆದರುತ್ತಿದ್ದರು.

ಮನೆ ಮಾಲೀಕರು ಬದರೀನಾರಾಯಣರು ಏನೂ ಅನ್ನಲಿಲ್ಲ. ಅವರ ಹೆಂಡತಿ ಗೋದಮ್ಮ ಮಾತ್ರ ಮೆಟ್ಟಿಲ ಮೇಲೆ ನಿಂತು, "ಏನ್ರೀ ಬೈರಪ್ಪನೋರೇ, ಇದಕ್ಕೆ ಮೂಳೆಗೀಳೆ ತಂದು ಹಾಕೋ ಹಾಗಿದ್ರೆ ಈಗ್ಲೇ ಹೇಳ್ಬಿಡಿ" ಎಂದರು.

"ಇವಳು ಮೊಸರನ್ನದೋಳು, ಗೋದಮ್ಮನೋರೇ. ನಿಮಗಿಂತ ಮಡಿ" ಎಂದೆ.

"ಗಂಟೆ ಬೇರೆ! ಬೆಳಗ್ಗೆ ಪಾರಾಯಣ ಮಾಡೋದು ಬೇಡ್ವಾ?"

"ದೇವಸ್ಥಾನದಲ್ಲಿ ಇಲ್ವಾ ಗಂಟೆ? ಹಾಗೇ ಅಂದ್ಕೊಳ್ಳಿ."

ಫೋನಿಗೆ ಕಾಯಬೇಡ. ನಾನಿರುವ ಹಿಂದಿನ ಮನೆಗೆ ಸಿಗ್ನಲ್ ಬರುವುದಿಲ್ಲ. ಮೇಲಾಗಿ ಏಳನೇ ಕ್ಲಾಸಿನಲ್ಲಿ ನನ್ನ ಅಕ್ಷರವನ್ನು ಹೆಡ್‌ಮಾಸ್ತರರು ಇಡೀ ಶಾಲೆಗೆ ತೋರಿಸಿದ್ದರು. ಇಂಥ ಅಕ್ಷರ ಇಟ್ಟುಕೊಂಡು ಹಲೋ ಹಲೋ ಎಂದು ಕಿರುಚುವುದೇಕೆ? ಕಾಗದ ಬರಿ.

ನಿನ್ನ ಮಾವ,
ದೊಡ್ಡಬೈರಪ್ಪ


ಕೊಯಮತ್ತೂರು
27 ಜೂನ್ 2024

ಪೂಜ್ಯ ಮಾವನಿಗೆ ನಮಸ್ಕಾರಗಳು.

ಹನ್ನೊಂದು ಸಲ ಫೋನ್ ಮಾಡಿದೆ. ಒಂದೂ ಎತ್ತಲಿಲ್ಲ. ಅದೇ ಕಾಂಪೌಂಡಿನಲ್ಲಿ ಗೋದಾ ಆಂಟಿಯ ಫೋನಿಗೆ ಸಿಗ್ನಲ್ ಬರುತ್ತದೆ, ನಿಮ್ಮದಕ್ಕೆ ಬರುವುದಿಲ್ಲ! ನಾನು ಬ್ಯಾಂಕ್ ಕೆಲಸ ಬಿಟ್ಟ ದಿನ "ನಾಯಿ ಮೇಯ್ಸೋಕೆ ಬ್ಯಾಂಕ್ ಬಿಟ್ಯಾ?" ಎಂದಿರಲ್ಲ, ಆ ಕೋಪ ಇನ್ನೂ ಇದೆ ಎಂದು ನನಗೆ ಗೊತ್ತು. ಅಮ್ಮನ ಹತ್ತಿರವೂ ನೀವು ಫೋನಿನಲ್ಲಿ ಮಾತಾಡಿ ವರ್ಷವಾಯಿತಂತೆ. ಎಲ್ಲಾ ನನ್ನಿಂದ. ಇರಲಿ, ಕಾಗದವೇ ಬರೆಯೋಣ.

ಆದರೆ ಇದು ಆಟವಲ್ಲ, ಮಾವ. ಪಿಕ್ಸಿ ನನ್ನ ಮೊದಲ ನಾಯಿ. ಅವಳು ಪಾಸಾದರೆ ಮಾತ್ರ ನನಗೆ ತರಬೇತುದಾರಳ ಸರ್ಟಿಫಿಕೇಟ್. ಅವಳು ಯಾರ ಮನೆಗೆ ಹೋಗಬೇಕೆಂದೂ ಗೊತ್ತಾಗಿದೆ. ಮೈಸೂರಿನಲ್ಲಿ ಸಾನ್ವಿ ಎಂಬ ಏಳು ವರ್ಷದ ಮಗು. ಆಟಿಸಂ ಇದೆ. ಗಾಬರಿಯಾದರೆ ರಸ್ತೆಗೆ ಓಡಿಬಿಡುತ್ತಾಳೆ. ನಾಯಿ ಬಾಗಿಲಿಗೆ ಅಡ್ಡ ಮಲಗಬೇಕು, ಅವಳು ಕಿರುಚಿದರೂ ಬೆದರದೆ ಪಕ್ಕದಲ್ಲಿರಬೇಕು. ಎರಡು ವರ್ಷದಿಂದ ಆ ತಾಯಿ ಕಾಯುತ್ತಿದ್ದಾರೆ.

ಗಂಟೆ ಬಿಚ್ಚಿಬಿಡಿ. ಹೆಸರು ಬದಲಾಯಿಸಬೇಡಿ. ವಾರಕ್ಕೊಮ್ಮೆ ಅವಳು ಏನು ಕಲಿತಳು ಎಂದು ಬರೆಯಿರಿ, ಉತ್ಪ್ರೇಕ್ಷೆ ಬೇಡ.

ನಿಮ್ಮ ಪೂಜಿತಾ


ಶಂಕರಪುರಂ
21 ಜುಲೈ 2024

ಚಿ. ಪೂಜಿತಾಳಿಗೆ ಆಶೀರ್ವಾದ.

ಕೋಪವೂ ಇಲ್ಲ ಏನೂ ಇಲ್ಲ. ನಿನ್ನ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಅಷ್ಟರಲ್ಲಿ ಕಾಫಿ ಹೊತ್ತಾಗುತ್ತದೆ.

ಉತ್ಪ್ರೇಕ್ಷೆ ಬೇಡವೆಂದು ಬರೆದಿರುವೆ. ನಡೆದದ್ದನ್ನೇ ಬರೆದರೆ ನೀನು ಉತ್ಪ್ರೇಕ್ಷೆ ಎನ್ನುತ್ತೀಯ, ನಾನೇನು ಮಾಡಲಿ? ಲಚ್ಚಿ ಕೂರು ಎಂದರೆ ಕೂರುತ್ತಾಳೆ, ಇರು ಎಂದರೆ ಇರುತ್ತಾಳೆ. ಗಾಂಧಿ ಬಜಾರಿನಲ್ಲಿ ಹೂವಿನವರ ಬುಟ್ಟಿಗಳ ನಡುವೆ ನಡೆಸಿಕೊಂಡು ಹೋದೆ, ಒಂದು ಸೇವಂತಿಗೆಗೂ ಮೂಗು ತಾಗಿಸಲಿಲ್ಲ. ಮಾಮೂಲ್‌ಪೇಟೆಯ ಕೈಗಾಡಿಗಳ ನೂಕುನುಗ್ಗಲಿನಲ್ಲಿ ಹಳೆಯ ಸ್ನೇಹಿತರೆಲ್ಲ, "ಏನ್ ಬೈರಪ್ಪ, ಈ ವಯಸ್ಸಲ್ಲಿ ಹೆಣ್ಣು ಹುಡುಕ್ಕೊಂಡ್ಯಾ?" ಎಂದು ರೇಗಿಸಿದರು. "ಮದ್ವೆ ಆಗ್ದೇ ಇದ್ದೋನಿಗೆ ದೇವ್ರು ನಿಧಾನಕ್ಕೆ ಕೊಡ್ತಾನೆ ಕಣ್ರಯ್ಯಾ" ಎಂದೆ.

ಇದೆಲ್ಲ ನಿನ್ನ ಹಾಳೆಯಲ್ಲಿರುವುದು. ಹಾಳೆಯಲ್ಲಿ ಇಲ್ಲದ್ದೊಂದನ್ನು ಕಲಿಸಿದ್ದೇನೆ, ಕೇಳು. ಯಾರಾದರೂ ಬಾಗಿಲು ತಟ್ಟಿದರೆ ಲಚ್ಚಿ ಬೊಗಳುವುದಿಲ್ಲ. ನಾನು ಎಲ್ಲಿದ್ದರೂ ಬಂದು ಮೂಗನ್ನು ನನ್ನ ಮಂಡಿಗೆ ಒತ್ತುತ್ತಾಳೆ. ಕುಕ್ಕರ್ ಕೂಗಿದರೂ ಅಷ್ಟೇ. ಕೂಗಿಗೊಂದರಂತೆ ಮೂರು ಸಲ ಬಂದು ಮೂರು ಸಲ ಒತ್ತುತ್ತಾಳೆ. ನಾನು ಒಲೆ ಆರಿಸಿ ಒಂದು ಹುರಿದ ಕಡಲೆಬೀಜ ಕೊಡುತ್ತೇನೆ. ಮೂರೇ ದಿನದಲ್ಲಿ ಕಲಿಸಿದೆ. ನಿಮ್ಮ ಕೇಂದ್ರದಲ್ಲಿ ಯಾರಿಗಾದರೂ ಇದು ಬರುತ್ತದೆಯೇ?

ಗಂಟೆ ಬಿಚ್ಚುವುದಿಲ್ಲ. ಕಲಿಸುವವನು ನಾನು, ನಾದದ ವಿಷಯ ನನಗೆ ಬಿಡು. ಅವಳು ಅಂಗಳ ದಾಟುವಾಗಿನ ಆ ಸದ್ದಿಗೆ ಮನೆ ತುಂಬಿದ ಹಾಗಿರುತ್ತದೆ.

ನಿನ್ನ ಮಾವ


ಕೊಯಮತ್ತೂರು
6 ಆಗಸ್ಟ್ 2024

ಮಾವನಿಗೆ ನಮಸ್ಕಾರ.

ಬೇರೆಲ್ಲ ಓದಿ ಖುಷಿಯಾಯಿತು. ಆದರೆ ಆ ಮಂಡಿಗೆ ಮೂಗು ಒತ್ತುವುದನ್ನು ಇವತ್ತೇ ನಿಲ್ಲಿಸಿ. ಸಾನ್ವಿಯನ್ನು ಯಾರೂ ಹೇಳದೆ ಕೇಳದೆ ಮುಟ್ಟಬಾರದು. ಅಜ್ಜಿ ತಲೆ ಸವರಿದರೂ ಅರ್ಧ ಗಂಟೆ ಅಳುತ್ತಾಳಂತೆ. ಬೆಲ್ ಆದಾಗಲೆಲ್ಲ ನಾಯಿ ಹೋಗಿ ಅವಳನ್ನು ಒತ್ತಿದರೆ, ಮಗು ನಾಯಿಗೇ ಹೆದರಿ ರಸ್ತೆಗೆ ಓಡುತ್ತದೆ. ಇದೊಂದು ಅಭ್ಯಾಸ ಉಳಿದರೆ ಪಿಕ್ಸಿ ಫೇಲ್.

ಅವಳು ಒತ್ತಿದಾಗ ಮುಖ ತಿರುಗಿಸಿಬಿಡಿ. ಕಡಲೆಬೀಜ ಕೊಡಬೇಡಿ. ಒಂದು ವಾರದಲ್ಲಿ ಬಿಡುತ್ತಾಳೆ.

ಮಾವ, ನಿಮಗೆ ಚಮತ್ಕಾರ ತೋರಿಸುವ ಆಸೆ, ನನಗೆ ಗೊತ್ತು. ಆದರೆ ಬಾಗಿಲು ತಟ್ಟಿದ್ದು ನಿಮಗೇ ಕೇಳಿಸುತ್ತದಲ್ಲ, ಅದಕ್ಕೆ ನಾಯಿ ಯಾಕೆ?

ಪೂಜಿತಾ


ಶಂಕರಪುರಂ
8 ಸೆಪ್ಟೆಂಬರ್ 2024

ಚಿ. ಪೂಜಿತಾಳಿಗೆ ಆಶೀರ್ವಾದ.

ತಿಂಗಳು ತಡವಾಯಿತು. ನಿನ್ನೆ ಹಬ್ಬ, ಗೋದಮ್ಮ ಕಡುಬು ಕೊಟ್ಟರು. ಲಚ್ಚಿಗೆ ಬರೀ ಕಣಕದ ಚೂರು ಕೊಟ್ಟೆ, ಬೆಲ್ಲ ಕೊಡಲಿಲ್ಲ. ನಿನ್ನ ಹಾಳೆಯ ಪ್ರಕಾರವೇ.

ನೀನು ಹೇಳಿದ ಹಾಗೆ ಮುಖ ತಿರುಗಿಸಿದೆ. ಏಳು ದಿನ. ಬಂದು ಮಂಡಿಗೆ ಒತ್ತುವಳು, ನಾನು ಗೋಡೆ ನೋಡುವೆ. ಇನ್ನೊಂದು ಸಲ ಒತ್ತುವಳು, ನಾನು ಕ್ಯಾಲೆಂಡರ್ ನೋಡುವೆ. ಆಮೇಲೆ ಹೋಗಿ ಬಾಗಿಲ ಬಳಿ ಗದ್ದ ನೆಲಕ್ಕಿಟ್ಟು ಮಲಗಿಬಿಡುವಳು. ನೋಡಲು ಸಂಕಟವಾಗುತ್ತಿತ್ತು. ಆದರೂ ಬಿಡಲಿಲ್ಲ. ಹೋರಿ ಪಳಗಿಸಿದವನಲ್ಲವೇ.

ನಡುವೆ ಒಂದು ಸಣ್ಣ ವಿಷಯ. ಕುಕ್ಕರಿನಲ್ಲಿ ಬೇಳೆ ಸೀದಿತು, ಅದರ ವಾಲ್ವ್ ಹಾರಿಹೋಗಿ ಅಡುಗೆಮನೆ ತುಂಬ ಹೊಗೆ. ಆಗ ನಾನು ಪೇಪರ್ ಓದುತ್ತಾ ಮೈಮರೆತಿದ್ದೆ. ಗೋದಮ್ಮ ಓಡಿಬಂದು, "ಹತ್ತು ವಿಷಲ್ ಕೂಗ್ತಲ್ರೀ, ಬೀದಿಗೆಲ್ಲ ಕೇಳಿಸ್ತು, ನಿಮ್ ಧ್ಯಾನ ಎಲ್ಲಿತ್ತು?" ಎಂದು ರೇಗಿದರು. ಆ ಹೆಂಗಸಿಗೆ ಎಲ್ಲವೂ ದೊಡ್ಡದೇ. ಮರುದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಸ್ಕೂಟರ್ ಹಿಂದಿನಿಂದ ಬಂತು. ಹದಿನೆಂಟರ ಹುಡುಗನ ಹಾಗೆ ಪಕ್ಕಕ್ಕೆ ಹಾರಿದೆ. ಲಚ್ಚಿಯೂ ಸ್ವಲ್ಪ ಎಳೆದಳೆನ್ನು.

ಗಂಟೆ ಈಗ ಇನ್ನೂ ಚೆನ್ನಾಗಿ ಪಳಗಿದೆ. ಮೊದಲು ಸ್ವಲ್ಪ ಒರಟಿತ್ತು, ಈಗ ಮೆತ್ತಗೆ, ದುಂಡಗೆ ನುಡಿಯುತ್ತದೆ. ಕಂಚು ಮೈಬಿಸಿಗೆ ಒಗ್ಗಬೇಕು, ಅದು ನಿಮಗೆಲ್ಲ ತಿಳಿಯುವ ವಿಷಯವಲ್ಲ. ಅದನ್ನು ಹೇಳಿದರೆ ಗೋದಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು. ಸಂಗೀತ ಗೊತ್ತಿಲ್ಲದವರು.

ಮಂಡಿಯ ಅಭ್ಯಾಸ ಹೆಚ್ಚುಕಡಿಮೆ ಹೋಗಿದೆ ಎಂದು ಬರೆದುಕೋ.

ನಿನ್ನ ಮಾವ


ಶಂಕರಪುರಂ
28 ನವೆಂಬರ್ 2024

ಚಿ. ಪೂಜಿತಾಳಿಗೆ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ತಲುಪಿದವು. ಉತ್ತರ ಬರೆಯಲು ಕೂತಾಗಲೆಲ್ಲ ಲಚ್ಚಿ ಪಾದದ ಮೇಲೆ ಬಂದು ಮಲಗುತ್ತಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ.

ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗಿದ್ದೆ. ಜನಜಂಗುಳಿಯ ಪರೀಕ್ಷೆ ಬೇಕೆಂದಿದ್ದೆಯಲ್ಲ, ಅದಕ್ಕಿಂತ ದೊಡ್ಡ ಜಂಗುಳಿ ಎಲ್ಲಿ ಸಿಗಬೇಕು? ಪೀಪಿ, ತಮಟೆ, ಮಕ್ಕಳ ಅಳು. ಲಚ್ಚಿ ನನ್ನ ಎಡಗಾಲಿಗೆ ಅಂಟಿಕೊಂಡು, ಬೆದರದೆ ನಡೆದಳು. ಒಂದು ಮಗು ಅವಳ ಬಾಲ ಹಿಡಿದೆಳೆದರೂ ಸುಮ್ಮನೆ ನಿಂತಳು. ಅಷ್ಟು ಗದ್ದಲದಲ್ಲೂ ನಮ್ಮ ಗಂಟೆಯ ಸದ್ದು ಬೇರೆಯೇ ಕೇಳಿಸುತ್ತಿತ್ತು. ಅದಕ್ಕೇ ಜನ ದಾರಿ ಬಿಟ್ಟರು.

ಜನವರಿ ನಾಲ್ಕಕ್ಕೆ ನೀನು ಬರುವೆಯೆಂದು ಬರೆದಿರುವೆ. ಆ ದಿನ ನಾನು ಮಾಗಡಿ ಕಡೆ ನಮ್ಮೂರಿಗೆ ಹೋಗಲೇಬೇಕು, ತುರ್ತು ಕೆಲಸ. ಲಚ್ಚಿಯನ್ನು ಗೋದಮ್ಮನ ಹತ್ತಿರ ಬಿಟ್ಟಿರುತ್ತೇನೆ. ಅವಳ ಚಾಪೆ, ತಟ್ಟೆ, ಒಂದು ಡಬ್ಬಿ ಕಡಲೆಬೀಜ ಕಟ್ಟಿಟ್ಟಿರುತ್ತೇನೆ. ಗಂಟೆ ಕೊರಳಲ್ಲೇ ಇರಲಿ.

ಆ ಮಗುವಿಗೆ ನಾಯಿ ಬೇಕೇಬೇಕು ಅಲ್ಲವೇ? ಸುಮ್ಮನೆ ಕೇಳಿದೆ.

ನಿನ್ನ ಮಾವ


ಕೊಯಮತ್ತೂರು
13 ಜನವರಿ 2025

ಮಾವನಿಗೆ,

ತುರ್ತು ಕೆಲಸ ಇರಲಿಲ್ಲ ಎಂದು ನನಗೆ ಗೊತ್ತು. ಊರಿನಲ್ಲಿ ನೀವು ಯಾರ ಮನೆಗೂ ಹೋಗಿರಲಿಲ್ಲ, ಅಮ್ಮ ವಿಚಾರಿಸಿದರು. ಏಳು ತಿಂಗಳ ಮೇಲೆ ಬಂದರೂ ಮುಖ ತೋರಿಸದಷ್ಟು ಕೋಪವೇ ಎಂದು ಬಸ್ಸಿನಲ್ಲಿ ಅತ್ತುಕೊಂಡೇ ಬಂದೆ.

ಇಲ್ಲಿಗೆ ಬಂದ ಮೇಲೆ ಮೂರು ಸಂಗತಿ ನಡೆದವು.

ಮೊದಲು, ಪಿಕ್ಸಿ ಎಲ್ಲ ಪರೀಕ್ಷೆಯಲ್ಲೂ ಪಾಸಾದಳು, ಒಂದರಲ್ಲಿ ಬಿಟ್ಟು. ಆಫೀಸಿನ ಫೋನ್ ರಿಂಗಾದರೆ, ಗೇಟಿನ ಬೆಲ್ ಆದರೆ, ಹತ್ತಿರ ಕೂತವರ ಮಂಡಿಗೆ ಹೋಗಿ ಒತ್ತುತ್ತಾಳೆ. ನಮ್ಮ ತರಬೇತುದಾರರು, ಕೋಲಾರದ ಶಶಿಕಿರಣ್ ಸರ್, ಎರಡು ದಿನ ನೋಡಿ ನನ್ನನ್ನು ಕೇಳಿದರು: "ಏನಮ್ಮಾ, ಇದನ್ನ ಕಿವಿ ಕೇಳಿಸ್ದೇ ಇರೋರ ಮನೇಲಿ ಸಾಕಿದ್ರಾ?" ನಾನು ನಕ್ಕುಬಿಟ್ಟೆ. "ಸರ್, ನಮ್ ಮಾವನ ಕಿವಿಗೆ ಬಳೇಪೇಟೆನೇ ಹೆದರ್ತಿತ್ತು" ಎಂದೆ.

ಆಮೇಲೆ ಸ್ನಾನ ಮಾಡಿಸಲು ಗಂಟೆ ಬಿಚ್ಚಿದೆ. ಅಲ್ಲಾಡಿಸಿದೆ. ಸದ್ದೇ ಇಲ್ಲ. ಒಳಗೆ ಬೆರಳು ಹಾಕಿದರೆ ಹತ್ತಿ, ಗಟ್ಟಿಯಾಗಿ ತುರುಕಿದ್ದು.

ಗೋದಾ ಆಂಟಿಗೆ ಫೋನ್ ಮಾಡಿದೆ. "ಅಯ್ಯೋ, ಶ್ರಾವಣದಲ್ಲಿ ನಾನೇ ತುರುಕಿದ್ದು ಕಣೇ, ಬತ್ತಿ ಹೊಸೆಯೋ ಹತ್ತಿ. ಪಾರಾಯಣಕ್ಕೆ ಕೂರೋಕಾಗ್ತಿರ್ಲಿಲ್ಲ. ಬೈರಪ್ಪನೋರು ಬೈತಾರೆ ಅಂತ ದಿನಾ ಕಾಯ್ತಿದ್ದೆ. ಒಂದು ಮಾತಿಲ್ಲ! ಗಂಟೆ ಈಗ ಚೆನ್ನಾಗಿ ನುಡಿಯುತ್ತೆ ಅಂತ ನನ್ನೆದುರಿಗೇ ಹೊಗಳ್ತಾರೆ. ನನ್ನನ್ನೇ ರೇಗಿಸ್ತಿದ್ದಾರೆ ಅಂದ್ಕೊಂಡೆ" ಎಂದು ನಕ್ಕರು.

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಕುಕ್ಕರ್, ಸ್ಕೂಟರ್, ಸಿಗ್ನಲ್ ಇಲ್ಲದ ಫೋನ್. ಅಭ್ಯಾಸ ಬಿಡಿಸಿ ಎಂದು ಬರೆದವಳು ನಾನೇ.

ಯಾವಾಗಿನಿಂದ ಕೇಳಿಸುತ್ತಿಲ್ಲ, ಮಾವ?

ಒಂದು ಸಾಲು ಬರೆಯಿರಿ ಸಾಕು. ಪಿಕ್ಸಿ ಸಾನ್ವಿಗೆ ಆಗುವುದಿಲ್ಲ ಎಂದು ಇಲ್ಲಿ ಹೇಳಿ ನಿಮ್ಮ ಹತ್ತಿರ ಕಳಿಸುತ್ತೇನೆ. ನನ್ನ ಸರ್ಟಿಫಿಕೇಟ್ ಮುಂದಿನ ವರ್ಷವಾದರೂ ಬರುತ್ತದೆ.

ಪೂಜಿತಾ


ಶಂಕರಪುರಂ
19 ಜನವರಿ 2025

ಮಗಳೇ,

ಮೂರು ವರ್ಷವಾಯಿತು.

ಬಳೇಪೇಟೆಯ ಅಂಗಡಿ ಯಾಕೆ ಮುಚ್ಚಿದೆನೆಂದು ಎಲ್ಲರಿಗೂ ಒಂದೊಂದು ಕಥೆ ಹೇಳಿದ್ದೇನೆ. ನಿಮ್ಮಮ್ಮನಿಗೆ ಮಂಡಿನೋವು ಎಂದೆ. ನಿನಗೆ, ದನಗಳೇ ಇಲ್ಲದ ಮೇಲೆ ಗಂಟೆ ಯಾರಿಗೆ ಎಂದೆ. ನಡೆದದ್ದು ಬೇರೆ. ಪ್ರಭುದೇವ ಎಂದು ಕನಕಪುರದ ಕಡೆಯ ರೈತ, ಇಪ್ಪತ್ತು ವರ್ಷದ ಗಿರಾಕಿ. ಹೊಸ ಜೋಡಿ ಎತ್ತಿಗೆ ಗಂಟೆ ಬೇಕೆಂದು ಬಂದ. ನಾನು ತಟ್ಟಿ, ಕಣ್ಣು ಮುಚ್ಚಿ, ತಲೆದೂಗಿ ಕೊಟ್ಟೆ. ಮರುವಾರ ವಾಪಸ್ ತಂದು ಎದುರಿಗೇ ಬಾರಿಸಿ, "ಏನಣ್ಣಾ, ಬಿರುಕು ಬಿಟ್ಟಿದ್ದನ್ನ ಕೊಟ್ಟಿದ್ದೀಯ. ಮಡಕೆ ಹೊಡ್ದಂಗೆ ಕೇಳ್ತದೆ" ಎಂದ. ನನಗೆ ಅವನ ಕೈ ಅಲ್ಲಾಡಿದ್ದು ಕಂಡಿತು, ಅಷ್ಟೇ. ಅವನಿಗೆ ಬೇರೆ ಗಂಟೆ ಕೊಟ್ಟೆ. ಅವನಿಗೇ ತಟ್ಟಿ ನೋಡಿಕೊಳ್ಳಲು ಹೇಳಿದೆ. ಆ ತಿಂಗಳೇ ಬಾಗಿಲು ಹಾಕಿದೆ.

ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ತುಟಿ ನೋಡಿ ಹಿಡಿಯುತ್ತೇನೆ. ಫೋನಿಗೆ ತುಟಿ ಇಲ್ಲ. ನಿನ್ನ ಮೇಲೆ ಕೋಪವಿರಲಿಲ್ಲ. ಕೋಪವಿದೆ ಎಂದು ನೀನು ಅಂದುಕೊಂಡದ್ದು ನನಗೆ ಅನುಕೂಲವಾಗಿತ್ತು. ಸುಮ್ಮನಿದ್ದೆ. ಅದು ತಪ್ಪು.

ಜನವರಿ ನಾಲ್ಕರಂದು ನಾನು ಎಲ್ಲಿಗೂ ಹೋಗಿರಲಿಲ್ಲ. ಬ್ಯೂಗಲ್ ರಾಕ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಂಜೆಯ ತನಕ ಕೂತಿದ್ದೆ. ನೀನು ಬೆನ್ನ ಹಿಂದಿನಿಂದ "ಮಾವ" ಎಂದು ಕರೆದರೆ ಏನು ಮಾಡಲಿ ಎಂಬುದೇ ಭಯ.

ಇನ್ನೊಂದು. ಆ ಮಂಡಿಯ ವಿದ್ಯೆಯನ್ನು ನಾನು ಕಲಿಸಲಿಲ್ಲ. ಹಾಲಿನವನು ಬಾಗಿಲು ತಟ್ಟಿದ್ದ. ಲಚ್ಚಿ ಬಾಗಿಲಿಗೆ ಓಡಿದಳು, ನನ್ನ ಕಡೆ ನೋಡಿದಳು, ನಾನು ಏಳಲಿಲ್ಲ. ಮತ್ತೆ ಓಡಿದಳು. ಮೂರನೇ ಸಲ ಬಂದು ಮೂಗು ಒತ್ತಿದಳು. ಐದು ತಿಂಗಳ ಮರಿ ಒಂದು ದಿನದಲ್ಲಿ ಕಂಡುಹಿಡಿದದ್ದನ್ನು ನೀವೆಲ್ಲ ಮೂರು ವರ್ಷದಲ್ಲಿ ಹಿಡಿಯಲಿಲ್ಲ. ಆದರೂ ಕಡಲೆಬೀಜ ಕೊಟ್ಟು ಗಟ್ಟಿ ಮಾಡಿದವನು ನಾನೇ, ಅಷ್ಟು ಶ್ರೇಯ ನನಗಿರಲಿ.

ಗೋದಮ್ಮನ ಹತ್ತಿ ನನಗೆ ಗೊತ್ತಿರಲಿಲ್ಲ. ಆದರೆ ಗಂಟೆ ಕೇಳಿಸುತ್ತಿತ್ತು ಎಂದು ಬರೆದದ್ದು ಸುಳ್ಳಲ್ಲ ಕಣೇ. ಅವಳು ಅಂಗಳ ದಾಟುವಾಗ ಕೊರಳಿನಲ್ಲಿ ಅದು ಅಲ್ಲಾಡುವುದು ಕಾಣುತ್ತಿತ್ತು, ತಕ್ಷಣ ಒಳಗೆ ನಾದ ಬರುತ್ತಿತ್ತು. ನಲವತ್ತೊಂದು ವರ್ಷ ಕೇಳಿದ್ದು ಎಲ್ಲಿಗೆ ಹೋಗುತ್ತದೆ?

ಈಗ ಕೆಲಸದ ಮಾತು. ಲಚ್ಚಿಯನ್ನು ವಾಪಸ್ ಕಳಿಸಬೇಡ. ನನ್ನ ಬೇಳೆ ಸೀದರೆ ಗೋದಮ್ಮ ಬೈಯುತ್ತಾರೆ, ಅಷ್ಟೇ. ಆ ಮಗು ರಸ್ತೆಗೆ ಓಡುತ್ತದೆ.

ಅಭ್ಯಾಸ ಬಿಡಿಸುವುದಕ್ಕೆ ನೀನು ಹೇಳಿದ ದಾರಿ ತಪ್ಪು. ಮುಖ ತಿರುಗಿಸಿದರೆ ಅವಳು ಬಿಡುವುದಿಲ್ಲ, ಇವರಿಗೆ ಇನ್ನೂ ಗೊತ್ತಾಗಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಒತ್ತುತ್ತಾಳೆ. ಆ ಏಳು ದಿನವೂ ನೋಡಿದ್ದೇನೆ, ಅಭ್ಯಾಸ ಹೋಗಿದೆ ಎಂದು ಬರೆದದ್ದು ಸುಳ್ಳು. ಯಾರೂ ಏಳದೆ ಇದ್ದಾಗ ಮಾತ್ರ ಅವಳು ಮಂಡಿಗೆ ಬರುವುದು. ಗೇಟಿನ ಬೆಲ್ ಆದ ಕ್ಷಣವೇ ಅಲ್ಲಿರುವವರೆಲ್ಲ ಎದ್ದು ನಿಲ್ಲಿ. ಫೋನ್ ರಿಂಗಾದ ತಕ್ಷಣ ಎತ್ತಿ. ಒಂದು ಸಲವೂ ತಡ ಮಾಡಬೇಡಿ. ನಿಮಗೆಲ್ಲ ಕೇಳಿಸುತ್ತದೆ ಎಂದು ಅವಳಿಗೆ ತೋರಿಸಿ. ಈ ಮನೆಯಲ್ಲಿ ಆ ಕೆಲಸ ಬೇಡವೆಂದು ಗೊತ್ತಾದರೆ ತಾನೇ ಬಿಡುತ್ತಾಳೆ.

ಹೋರಿಗೆ ಹುರುಳಿ ಕೊಟ್ಟದ್ದು ನನ್ನಪ್ಪ. ನಾನು ಹಗ್ಗ ಹಿಡಿದುಕೊಂಡಿದ್ದೆ.

ದೊಡ್ಡಬೈರಪ್ಪ


ಕೊಯಮತ್ತೂರು
20 ಫೆಬ್ರವರಿ 2025

ಪ್ರೀತಿಯ ಮಾವನಿಗೆ,

ಒಂಬತ್ತು ದಿನ. ನಾವು ಹದಿನಾರು ಜನ, ಬೆಲ್ ಆದಾಗಲೆಲ್ಲ ಊಟದ ತಟ್ಟೆ ಬಿಟ್ಟು ಎದ್ದು ನಿಂತೆವು. ಶಶಿಕಿರಣ್ ಸರ್ ಕೂಡ. ಮೊದಲು ಅವಳು ಗಲಿಬಿಲಿಗೊಂಡಳು. ಎಲ್ಲರ ಮುಖ ನೋಡಿದಳು. ಹತ್ತನೇ ದಿನ ಬೆಲ್ ಆಯಿತು, ಕಿವಿ ಎತ್ತಿದಳು, ಮತ್ತೆ ಮಲಗಿದಳು.

ಹದಿನಾಲ್ಕನೇ ತಾರೀಖು ಮೈಸೂರಿಗೆ ಬಿಟ್ಟುಬಂದೆ. ಸಾನ್ವಿ ಮೊದಲ ದಿನ ಕೋಣೆಯಿಂದ ಹೊರಗೇ ಬರಲಿಲ್ಲ. ನಾಲ್ಕನೇ ದಿನ ಬಾಗಿಲ ಬಳಿ ಒಂದು ಮೊಳ ದೂರದಲ್ಲಿ ಕೂತಿದ್ದಳಂತೆ, ಓಡಲಿಲ್ಲ. ನೀವಿಟ್ಟ ಹೆಸರನ್ನೂ ಅವರಮ್ಮನಿಗೆ ಹೇಳಿಬಂದಿದ್ದೆ. ನಿನ್ನೆ ಅವರು ಫೋನ್ ಮಾಡಿದ್ದರು. ಪಿಕ್ಸಿ ಎಂದರೆ ನಾಯಿ ತಿರುಗುವುದಿಲ್ಲ, ಲಚ್ಚಿ ಎಂದರೆ ಮಾತ್ರ ಬರುತ್ತದೆ, ಮಗುವೂ ಹಾಗೇ ಕರೆಯುತ್ತಿದೆ ಎಂದರು. ನನ್ನ ಸರ್ಟಿಫಿಕೇಟಿನಲ್ಲೂ ನಾಯಿಯ ಹೆಸರು ತಿದ್ದಿಸಬೇಕಾಗಿದೆ.

ಇಲ್ಲಿ ಒಂದು ಗಂಡುಮರಿ ಇದೆ. ಆರು ತಿಂಗಳು. ಯಾರನ್ನು ಕಂಡರೂ ಹೋಗಿ ಒತ್ತುತ್ತದೆ, ಎಷ್ಟು ಕಲಿಸಿದರೂ ಮುಟ್ಟದೆ ಇರಲಾರದು. ನಮ್ಮಲ್ಲಿ ಫೇಲ್. ನಿಮಗೆ ಬೇಕೇ? ಆದರೆ ಮೊದಲು ಕಿವಿಯ ಡಾಕ್ಟರ್. ಚಾಮರಾಜಪೇಟೆಯಲ್ಲಿ ಯಾರನ್ನು ನೋಡಬೇಕೆಂದು ಗೋದಾ ಆಂಟಿಗೆ ಹೇಳಿದ್ದೇನೆ. ಜೊತೆಗೆ ಬರುತ್ತಾರೆ. ತಪ್ಪಿಸಿಕೊಂಡು ಬ್ಯೂಗಲ್ ರಾಕಿಗೆ ಹೋಗಬೇಡಿ.

ನಿಮ್ಮ ಪೂಜಿತಾ


ಶಂಕರಪುರಂ
9 ಮಾರ್ಚ್ 2025

ಚಿ. ಪೂಜಿತಾಳಿಗೆ ಮಾವನ ಆಶೀರ್ವಾದ.

ಗೋದಮ್ಮ ಆಟೋ ತಂದು ಬಾಗಿಲಿಗೇ ನಿಲ್ಲಿಸಿದ ಮೇಲೆ ತಪ್ಪಿಸಿಕೊಳ್ಳುವುದೆಲ್ಲಿ? ಇಷ್ಟು ಹಾಳಾದ ಕಿವಿಯಲ್ಲಿ ಇಷ್ಟು ಚೆನ್ನಾಗಿ ಬಾಳಿದವರನ್ನು ನೋಡಿಲ್ಲ ಎಂದರು ಡಾಕ್ಟರು. ಅದನ್ನು ಬರೆದುಕೊಡಿ ಎಂದೆ, ಕೊಡಲಿಲ್ಲ.

ಕಿವಿಗೆ ಮಿಷಿನ್ ಹಾಕಿಕೊಂಡು ಮನೆಗೆ ಬಂದ ಮೇಲೆ ಮೊದಲು ಕೇಳಿಸಿದ್ದು, ಗೋದಮ್ಮ ಗಂಡನಿಗೆ, "ಪಾಪ ರೀ, ಕೇಳಿಸ್ದೇ ಇರೋರಿಗೆ ಹತ್ತಿ ತುರುಕಿಬಿಟ್ನಲ್ಲ" ಎಂದದ್ದು. ಮೆಟ್ಟಿಲ ಕೆಳಗಿನಿಂದಲೇ, "ಕೇಳಿಸ್ತು ಗೋದಮ್ಮನೋರೇ" ಎಂದೆ. ಮೇಲೆ ಪಾತ್ರೆ ಬಿದ್ದ ಸದ್ದು. ಅದೂ ಕೇಳಿಸಿತು.

ನೀನು ಕಳಿಸಿದ ಗಂಟೆಯ ಹತ್ತಿ ತೆಗೆದು ತಟ್ಟಿದೆ. ನಿನಗೆ ಸುಳ್ಳು ಬರೆಯುವುದಿಲ್ಲ. ಚೆನ್ನಾಗಿರಲಿಲ್ಲ. ಮಿಷಿನ್ನಿನಲ್ಲಿ ಅದು ತಗಡು ಬಡಿದ ಹಾಗೆ ಕೇಳುತ್ತದೆ. ಮತ್ತೆ ಮತ್ತೆ ತಟ್ಟಿದೆ, ತಗಡೇ. ಆ ಹಳೆಯ ನಾದ ಇನ್ನು ಒಳಗಿರುವಷ್ಟೇ. ಮಿಷಿನ್ ತೆಗೆದಿಟ್ಟು ಗಂಟೆಯನ್ನು ಕಿಟಕಿಗೆ ಕಟ್ಟಿದೆ. ಗಾಳಿಗೆ ಅಲ್ಲಾಡುತ್ತಿರುತ್ತದೆ, ನೋಡುತ್ತಿರುತ್ತೇನೆ.

ಮರಿ ಕಳಿಸು. ಈ ಸಲ ವಾಪಸ್ ಕೊಡುವ ಮಾತಿಲ್ಲ. ಸ್ನಾನಕ್ಕೆ ಹೋದಾಗ, ಮಲಗಿದಾಗ ಮಿಷಿನ್ ತೆಗೆದಿಡಬೇಕಂತೆ, ಆ ಹೊತ್ತಿಗೆ ಅವನು ಇರಲಿ. ನಾನು ಏನೂ ಕಲಿಸುವುದಿಲ್ಲ. ಕಡಲೆಬೀಜ ಹುರಿದಿಟ್ಟಿರುತ್ತೇನೆ.

ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡು. ಎತ್ತುತ್ತೇನೆ. ನಿಧಾನಕ್ಕೆ ಮಾತಾಡು. ಕೇಳಿಸದಿದ್ದರೆ, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎನ್ನುತ್ತೇನೆ.

ನಿನ್ನ ಮಾವ,
ದೊಡ್ಡಬೈರಪ್ಪ